ಅವರೆಕಾಳಿನ ಕೋಳಿ ಸಾರು: ಬಡಿಸುವ ಕೈಗೂ ಒಂದು ಪಾಲು

ಮಾಗಿಯ ಚಳಿ ಶುರುವಾಯಿತೆಂದರೆ ಸಂತೆಯ ಚೆಲುವೇ ಬೇರೆ. ನವಿಲುಕೋಸು, ಮೂಲಂಗಿ, ಕ್ಯಾರೆಟ್, ಹಸಿ ಬಟಾಣಿ, ಎಳೆ ಮೆಂತ್ಯದ ಸೊಪ್ಪು, ಒಂದೇ ಎರಡೇ! ಇವೆಲ್ಲದರ ನಡುವೆ ಗೋಣಿತಾಟಿನ ಮೇಲೆ ರಾಶಿ ಸುರಿದ ಅವರೆಕಾಯಿ. ಹತ್ತು ಹೆಜ್ಜೆ ದೂರದಿಂದಲೇ ಅದರ ಸೊಗಡು ಮೂಗಿಗೆ ಬಡಿಯುತ್ತದೆ. ಬೆಂಗಳೂರು, ಮಾಗಡಿ, ರಾಮನಗರ, ಕೋಲಾರ, ಮಂಡ್ಯ, ಮೈಸೂರು ಸೀಮೆಯ ನಮಗೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಉಪ್ಪಿಟ್ಟಿಗೂ ಅವರೆ, ಹುಳಿಗೂ ಅವರೆ, ರೊಟ್ಟಿಗೂ ಅವರೆ. ಮಾಂಸ ತಿನ್ನುವವರ ಮನೆಯಲ್ಲಾದರೆ ಭಾನುವಾರದ ಕೋಳಿ ಸಾರಿಗೂ ಅವರೆಯೇ ಜೊತೆ.

ಈ ಸಾರಿನ ಹೆಚ್ಚುಗಾರಿಕೆ ರುಚಿಯೊಂದರಲ್ಲೇ ಇಲ್ಲ. ಕೋಳಿ, ಕಾಳು, ತರಕಾರಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಪಲ್ಯ ಬೇರೆ, ಹುರಿದದ್ದು ಬೇರೆ, ಸಾರು ಬೇರೆ ಎಂದು ಮಧ್ಯಾಹ್ನ ಮೂರು ಗಂಟೆಯವರೆಗೆ ಒಲೆಯ ಮುಂದೆ ನಿಲ್ಲಬೇಕಾಗಿಲ್ಲ. ತೊಳೆಯುವ ಪಾತ್ರೆಯೂ ಕಡಿಮೆ. ಅದಕ್ಕಿಂತ ದೊಡ್ಡ ಮಾತೊಂದಿದೆ. ಒಂದು ಕಿಲೋ ಕೋಳಿ ಆರು ಜನಕ್ಕೆ ಸಾಲುವಂತೆ ಮಾಡುವ ಉಪಾಯ ಇದರಲ್ಲಿದೆ. ಆ ಆರನೆಯವರು ಯಾರು ಗೊತ್ತೇ? ಅಡಿಗೆ ಮಾಡಿದ ನೀವೇ!

ನೀವೇ ನೆನಪು ಮಾಡಿಕೊಳ್ಳಿ. ಕೋಳಿ ಸಾರು ಮಾಡಿದ ದಿನ ತೊಡೆಯ ತುಂಡು ಯಜಮಾನರಿಗೆ, ಎದೆಯ ತುಂಡು ಓದುವ ಮಕ್ಕಳಿಗೆ, ಈಲಿ ಅತ್ತೆ ಮಾವನವರಿಗೆ, ಮಿಕ್ಕದ್ದು ಬಂದ ನೆಂಟರಿಗೆ. ಎಲ್ಲರದೂ ಆಗಿ ನಾವು ತಟ್ಟೆ ಇಟ್ಟುಕೊಳ್ಳುವ ಹೊತ್ತಿಗೆ ಪಾತ್ರೆಯ ತಳದಲ್ಲಿ ಕತ್ತಿನ ಮೂಳೆ, ಒಂದು ಸೌಟು ಸಾರು. ಮಕ್ಕಳು "ಅಮ್ಮಾ, ನಿಂಗೆ?" ಅಂತ ಕೇಳಿದರೆ, "ನಂಗೆ ತುಂಡು ಬೇಡಪ್ಪಾ, ಸಾರೇ ಇಷ್ಟ" ಅಂತ ಹೇಳಿಬಿಡ್ತೀವಿ. ಎಷ್ಟು ವರ್ಷದಿಂದ ಹೇಳ್ತಿದ್ದೀವಿ ಎಂದರೆ ಮನೆಯವರು ಅದನ್ನು ನಿಜವೆಂದೇ ನಂಬಿಬಿಟ್ಟಿದ್ದಾರೆ!

ಇದರ ಫಲ ಸಣ್ಣದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದು ಕಂಡುಬಂತು. ಕರ್ನಾಟಕದಲ್ಲಿ ಈ ಲೆಕ್ಕ ನೂರಕ್ಕೆ ಸುಮಾರು 48. ಅಂದರೆ ಹೆಚ್ಚುಕಡಿಮೆ ಎರಡು ಮನೆಯ ಹೆಂಗಸರಲ್ಲಿ ಒಬ್ಬರು. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ಕಾಲುಸೆಳೆತ, ತಲೆಸುತ್ತು, ಇವನ್ನೆಲ್ಲ "ವಯಸ್ಸಾಯ್ತು" ಎಂದು ತಳ್ಳಿಹಾಕುವುದು ಸರಿಯಲ್ಲ. ಇದಕ್ಕೆ ಕಾರಣಗಳು ಹಲವು. ಊಟದ ತಟ್ಟೆಯೂ ಅವುಗಳಲ್ಲಿ ಒಂದು.

ಕೋಳಿ ಮಾಂಸದಲ್ಲಿ ಕಬ್ಬಿಣದ ಅಂಶ ತೀರಾ ಹೆಚ್ಚೇನೂ ಇಲ್ಲ. ಆದರೆ ಇರುವಷ್ಟು ಮೈಗೆ ಚೆನ್ನಾಗಿ ಹತ್ತುತ್ತದೆ. ಜೊತೆಗೆ ತಿಂದ ಕಾಳು, ಸೊಪ್ಪಿನಲ್ಲಿರುವ ಕಬ್ಬಿಣವೂ ಹೆಚ್ಚು ಹತ್ತುವಂತೆ ಮಾಂಸ ಸಹಾಯ ಮಾಡುತ್ತದೆ. ಊಟದ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಇನ್ನೂ ಒಳ್ಳೆಯದು. ಹಾಗಾಗಿ ಕೋಳಿ ಮತ್ತು ಅವರೆ ಒಂದೇ ಪಾತ್ರೆಯಲ್ಲಿ ಸೇರುವುದು ನಾಲಿಗೆಗೂ ಸರಿ, ಮೈಗೂ ಸರಿ.

ಸಂತೆಯಲ್ಲಿ ಆರಿಸುವಾಗ

ನಾಡ ಅವರೆಯ ಗಿಡ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುತ್ತದೆ. ಅದಕ್ಕೇ ಅದು ಚಳಿಗಾಲದ ಬೆಳೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೊರತಂದ ಹೆಬ್ಬಾಳ ಅವರೆಯ ತಳಿಗಳಿಂದಾಗಿ ಬೇರೆ ಕಾಲದಲ್ಲೂ ಅವರೆ ಸಿಗುತ್ತದೆ ನಿಜ. ಆದರೂ ಮಾಗಿಯ ಸೊಗಡವರೆಯ ಘಮವೇ ಘಮ. ಕಾಯಿ ಹಿಡಿದರೆ ಕೈಗೆ ಎಣ್ಣೆ ಎಣ್ಣೆಯಾಗಿ ಅಂಟಬೇಕು, ಕಾಳು ತುಂಬಿ ಉಬ್ಬಿರಬೇಕು. ತೂತು ಬಿದ್ದ ಕಾಯಿ ಬೇಡ, ಒಳಗೆ ಹುಳು ಇರುತ್ತದೆ. ತೂಕದಲ್ಲಿ ಸಿಪ್ಪೆಯ ಪಾಲೇ ಹೆಚ್ಚಾದ್ದರಿಂದ ಕಾಯಿಯನ್ನು ಸ್ವಲ್ಪ ಧಾರಾಳವಾಗಿಯೇ ಕೊಳ್ಳಿ. ಶನಿವಾರ ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಬಿಡಿಸಿಟ್ಟರೆ ಭಾನುವಾರ ಹಗುರ. ಗಂಡಸರ ಕೈಗೂ ಒಂದು ಮೊರ ಕೊಡಿ, ಟೀವಿ ನೋಡುತ್ತಾ ಬಿಡಿಸಲಿ!

ಕಲಬುರಗಿ, ಬೀದರ ಕಡೆಯವರು ಅವರೆಯ ಬದಲು ಹಸಿ ತೊಗರಿಕಾಳು ಹಾಕಬಹುದು. ಎರಡೂ ಸಿಗದವರಿಗೆ ಹಸಿ ಬಟಾಣಿ ಇದ್ದೇ ಇದೆ. ಒಣ ಅವರೆಯಾದರೆ ರಾತ್ರಿಯೆಲ್ಲ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಬೇಯಿಸಿಕೊಂಡು ಆಮೇಲೆ ಸೇರಿಸಿ. ಅವರೆಕಾಳನ್ನು ಹಸಿಯಾಗಿ ತಿನ್ನಲು ಮಕ್ಕಳಿಗೆ ಕೊಡಬೇಡಿ. ಅದು ಚೆನ್ನಾಗಿ ಬೆಂದೇ ಹೊಟ್ಟೆಗೆ ಹೋಗಬೇಕು.

ಬೇಕಾಗುವ ಪದಾರ್ಥಗಳು (ಆರು ಜನಕ್ಕೆ)

ಕೋಳಿ 1 ಕಿಲೋ, ಚರ್ಮ ತೆಗೆಸಿ 18 ತುಂಡು ಮಾಡಿಸಿದ್ದು, ಬಿಡಿಸಿದ ಅವರೆಕಾಳು 2 ಬಟ್ಟಲು, ಎಳೆ ನವಿಲುಕೋಸು 2, ಆಲೂಗಡ್ಡೆ 2, ಕ್ಯಾರೆಟ್ 2, ಎಣ್ಣೆ 3 ದೊಡ್ಡ ಚಮಚ, ಹೆಚ್ಚಿದ ಈರುಳ್ಳಿ 1, ಅರಿಸಿನ ಅರ್ಧ ಚಮಚ, ರುಚಿಗೆ ಉಪ್ಪು, ಮೇಲೆ ಉದುರಿಸಲು ಕೊತ್ತಂಬರಿ ಸೊಪ್ಪು.

ಮಸಾಲೆಗೆ: ಧನಿಯ 3 ದೊಡ್ಡ ಚಮಚ, ಬ್ಯಾಡಗಿ ಮೆಣಸಿನಕಾಯಿ 8, ಖಾರದ ಮೆಣಸಿನಕಾಯಿ 3, ಕಾಳುಮೆಣಸು 1 ಚಮಚ, ಚಕ್ಕೆ ಒಂದು ಅಂಗುಲ, ಲವಂಗ 4, ಗಸಗಸೆ 1 ಚಮಚ, ಹುರಿಗಡಲೆ 1 ದೊಡ್ಡ ಚಮಚ, ತೆಂಗಿನತುರಿ 1 ಬಟ್ಟಲು, ಈರುಳ್ಳಿ 1, ಬೆಳ್ಳುಳ್ಳಿ 1 ಗಡ್ಡೆ, ಶುಂಠಿ ಎರಡು ಅಂಗುಲ, ಟೊಮೆಟೊ 2.

ಮಾಡುವ ವಿಧಾನ

ಮೊದಲು ತರಕಾರಿಗಳನ್ನು ತೊಳೆದು, ಹೆಚ್ಚಿ, ಮುಚ್ಚಿಡಿ. ಕೋಳಿಯನ್ನು ಮುಟ್ಟುವುದು ಆಮೇಲೆ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಹನಿ ಸಿಡಿದು ಅದರಲ್ಲಿನ ರೋಗಾಣು ಸುತ್ತಲಿನ ಪಾತ್ರೆ, ತರಕಾರಿಗೂ ಹರಡುತ್ತದೆ. ಅದಕ್ಕೇ ಈಗಿನ ಆರೋಗ್ಯ ತಜ್ಞರು ತೊಳೆಯುವುದೇ ಬೇಡ, ಚೆನ್ನಾಗಿ ಬೇಯಿಸಿದರೆ ಸಾಕು ಎನ್ನುತ್ತಾರೆ. ತೊಳೆಯದೆ ಮನಸ್ಸು ಒಪ್ಪದಿದ್ದರೆ ಪಾತ್ರೆಯಲ್ಲಿ ನೀರು ಹಾಕಿ ಸಿಡಿಯದಂತೆ ನಿಧಾನವಾಗಿ ತೊಳೆಯಿರಿ. ಆಮೇಲೆ ಚಾಕು, ಮಣೆ, ಕೈ, ಸಿಂಕ್ ಎಲ್ಲವನ್ನೂ ಸೋಪು ಹಾಕಿ ಉಜ್ಜಿ.

ಧನಿಯ, ಮೆಣಸಿನಕಾಯಿ, ಕಾಳುಮೆಣಸು, ಚಕ್ಕೆ, ಲವಂಗ, ಗಸಗಸೆಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವಂತೆ ಹುರಿಯಿರಿ. ಕೊನೆಗೆ ಹೋಳು ಮಾಡಿದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಹಾಕಿ ಬಾಡಿಸಿ. ಆರಿದ ಮೇಲೆ ತೆಂಗಿನತುರಿ, ಹುರಿಗಡಲೆ, ಟೊಮೆಟೊ ಸೇರಿಸಿ ನುಣ್ಣಗೆ ರುಬ್ಬಿಡಿ.

ಈಗ ದಪ್ಪ ತಳದ ದೊಡ್ಡ ಪಾತ್ರೆ ಒಲೆಗೇರಲಿ. ಎಣ್ಣೆ ಕಾದ ಮೇಲೆ ಈರುಳ್ಳಿ ಕೆಂಪಗೆ ಹುರಿದು, ಕೋಳಿ, ಅರಿಸಿನ, ಉಪ್ಪು ಹಾಕಿ. ಕೋಳಿ ನೀರು ಬಿಟ್ಟುಕೊಂಡು ಹಸಿ ವಾಸನೆ ಹೋಗುವವರೆಗೆ ಆರೇಳು ನಿಮಿಷ ಕೈಯಾಡಿಸಿ. ಅವರೆಕಾಳು ಹಾಕಿ, ಐದು ಬಟ್ಟಲು ಬಿಸಿನೀರು ಸುರಿದು ಮುಚ್ಚಿ. ಹತ್ತು ನಿಮಿಷ ಕುದಿಯಲಿ. ಬಳಿಕ ನವಿಲುಕೋಸು, ಆಲೂಗಡ್ಡೆ, ಕ್ಯಾರೆಟ್ಟಿನ ದಪ್ಪ ಹೋಳುಗಳನ್ನು ಹಾಕಿ ಇನ್ನೂ ಹತ್ತು ಹನ್ನೆರಡು ನಿಮಿಷ ಬೇಯಿಸಿ.

ಕಾಳನ್ನು ಬೆರಳಿನಲ್ಲಿ ಒತ್ತಿದರೆ ಮೆತ್ತಗಾಗಬೇಕು. ಆಗ ಮಾತ್ರ ರುಬ್ಬಿದ ಮಸಾಲೆ ಹಾಕಿ. ಮೊದಲೇ ಹಾಕಿದರೆ ಏನಾಗುತ್ತೆ ಅಂತೀರಾ? ಟೊಮೆಟೊ ಹುಳಿ ತಗುಲಿದರೆ ಕಾಳು, ಆಲೂಗಡ್ಡೆ ಬೇಗ ಬೇಯುವುದಿಲ್ಲ. ತೆಂಗಿನಕಾಯಿ, ಹುರಿಗಡಲೆ ತಳ ಹಿಡಿಯುತ್ತವೆ. ಮಸಾಲೆ ಬಿದ್ದ ಮೇಲೆ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ, ಆಗಾಗ ತಳದಿಂದ ಕೈಯಾಡಿಸುತ್ತಾ ಕುದಿಸಿ. ಎಣ್ಣೆ ಮೇಲೆ ತೇಲಿ, ಮೂಳೆಯ ಬಳಿಯೂ ಮಾಂಸ ಕೆಂಪಾಗಿರದೆ ಬೆಂದಿದ್ದರೆ ಇಳಿಸಿ, ಕೊತ್ತಂಬರಿ ಉದುರಿಸಿ.

ಅಜ್ಜಿಯರ ಕಾಲದ ಉಪಾಯ ಒಂದನ್ನು ಮರೆಯಬೇಡಿ. ಪಾತ್ರೆಗೆ ಗುಂಡಿ ತಟ್ಟೆ ಮುಚ್ಚಿ, ತಟ್ಟೆಯಲ್ಲಿ ಒಂದು ಲೋಟ ನೀರು ನಿಲ್ಲಿಸಿ. ಒಳಗಿನ ಹಬೆ ತಣಿದು ಮತ್ತೆ ಸಾರಿಗೇ ಇಳಿಯುತ್ತದೆ. ಮೇಲಿನ ನೀರು ಬಿಸಿಯಾಗಿ, ಸಾರು ಗಟ್ಟಿಯಾದರೆ ಸೇರಿಸಲು ಒದಗುತ್ತದೆ. ಒಮ್ಮೆ ಕುದಿ ಬಂದ ಮೇಲೆ ಉರಿ ತಗ್ಗಿಸಿದರೆ ಗ್ಯಾಸಿಗೂ ಉಳಿತಾಯ.

ನಾಟಿ ಕೋಳಿಯಾದರೆ ಲೆಕ್ಕ ಬೇರೆ. ಅದರ ಮಾಂಸ ಬಿಗಿ. ಕೋಳಿಯೊಂದನ್ನೇ ಮೊದಲು ಮುಕ್ಕಾಲು ಗಂಟೆ, ಇಲ್ಲವೇ ಕುಕ್ಕರಿನಲ್ಲಿ ನಾಲ್ಕೈದು ಕೂಗು ಬೇಯಿಸಿಕೊಂಡು ಆಮೇಲೆ ಕಾಳು, ತರಕಾರಿ ಹಾಕಿ. ಇಲ್ಲದಿದ್ದರೆ ಕೋಳಿ ಬೇಯುವ ಹೊತ್ತಿಗೆ ಆಲೂಗಡ್ಡೆ ಕರಗಿ ನೀರಾಗಿರುತ್ತದೆ.

ಬಡಿಸುವ ಲೆಕ್ಕ

ಈ ಸಾರಿಗೆ ಬಿಸಿ ರಾಗಿಮುದ್ದೆಯೇ ಜೋಡಿ. ಮುದ್ದೆ ಬೇಡ ಎನ್ನುವವರಿಗೆ ಅನ್ನವೋ ಅಕ್ಕಿರೊಟ್ಟಿಯೋ ಆಗಬಹುದು. ಹದಿನೆಂಟು ತುಂಡು, ಆರು ಜನ, ತಲೆಗೆ ಮೂರು. ಮೂಳೆ ಕಳೆದರೂ ಒಬ್ಬೊಬ್ಬರಿಗೆ ಸುಮಾರು 100 ಗ್ರಾಂ ಮಾಂಸ, ಅದರಲ್ಲಿ ಹತ್ತಿರ ಹತ್ತಿರ 20 ಗ್ರಾಂ ಪ್ರೋಟೀನು. ಕಾಳಿನದು ಬೇರೆ. ತಟ್ಟೆ ತುಂಬ ಕಾಳು, ಹೋಳು ಇರುವುದರಿಂದ "ಬರೀ ಮೂರೇನಾ?" ಎಂದು ಯಾರೂ ಮುಖ ಸಣ್ಣದು ಮಾಡುವುದಿಲ್ಲ.

ಎಲ್ಲರನ್ನೂ ಊಟಕ್ಕೆ ಕರೆಯುವ ಮೊದಲೇ ಒಂದು ಮುಚ್ಚಳದ ಡಬ್ಬಿಯಲ್ಲಿ ನಿಮ್ಮ ಪಾಲಿನ ಮೂರು ತುಂಡು, ಎರಡು ಸೌಟು ಕಾಳು ತರಕಾರಿ ತೆಗೆದಿಡಿ. ಕದ್ದು ಮುಚ್ಚಿ ಅಲ್ಲ, ಎಲ್ಲರಿಗೂ ಕಾಣುವ ಹಾಗೆ. "ಇದು ನಂದು" ಅಂತ ಹೇಳಿ. ಮೊದಲ ದಿನ ಹೇಳಲು ನಾಲಿಗೆ ತಡವರಿಸಬಹುದು. ಮೂರನೆಯ ಭಾನುವಾರಕ್ಕೆ ಮನೆಗೆ ರೂಢಿಯಾಗುತ್ತದೆ. ನೆಂಟರು ಬಂದರೋ, ಇನ್ನೊಂದು ಆಲೂಗಡ್ಡೆ, ಇನ್ನೊಂದು ಬಟ್ಟಲು ಕಾಳು ಹೆಚ್ಚಿಗೆ ಹಾಕಿ. ಡಬ್ಬಿಯ ಮುಚ್ಚಳ ಮಾತ್ರ ತೆಗೆಯಬೇಡಿ. ಇನ್ನೂ ಒಳ್ಳೆಯದು ಎಂದರೆ ಪಾತ್ರೆಯನ್ನು ನಡುವೆ ಇಟ್ಟು ನೀವೂ ಜೊತೆಯಲ್ಲೇ ಕೂರುವುದು. ಒಂದೇ ಪಾತ್ರೆಯ ಅಡಿಗೆಯಲ್ಲಿ ಎದ್ದು ಎದ್ದು ಬಡಿಸುವ ಕೆಲಸವಾದರೂ ಏನಿದೆ?

ಬೆಳೆಯುವ ಹೆಣ್ಣುಮಕ್ಕಳ ತಟ್ಟೆಯ ಮೇಲೂ ಕಣ್ಣಿರಲಿ. ಅಣ್ಣನಿಗೆ ತೊಡೆ, ತಂಗಿಗೆ ಬೆನ್ನುಮೂಳೆ ಎನ್ನುವ ಪಾಠ ಅವಳು ನಮ್ಮ ಸೌಟಿನಿಂದಲೇ ಕಲಿಯುತ್ತಾಳೆ. ತಿಂಗಳು ತಿಂಗಳೂ ರಕ್ತ ಕಳೆದುಕೊಳ್ಳುವ ಮೈ ಅದು. ಚಿಕ್ಕ ಮಕ್ಕಳಿಗೆ ಮೂಳೆ ಬಿಡಿಸಿ ಕೊಡಿ. ಹಲ್ಲಿಲ್ಲದ ಹಿರಿಯರಿಗೆ ಕಾಳು, ನವಿಲುಕೋಸನ್ನು ಕಿವುಚಿ, ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ, ಸಾರಿನಲ್ಲಿ ಕಲಸಿ ಕೊಟ್ಟರೆ ಸುಲಭ.

ಊಟವಾದ ತಕ್ಷಣ ಕಾಫಿ, ಟೀ ಬೇಡ. ಅವು ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತವೆ. ಒಂದು ಗಂಟೆಯಾದರೂ ಕಳೆಯಲಿ. ಈಗಾಗಲೇ ರಕ್ತ ಕಡಿಮೆ ಎಂದು ಡಾಕ್ಟರು ಹೇಳಿದ್ದರೆ ಅವರು ಕೊಟ್ಟ ಮಾತ್ರೆಗೆ ಈ ಸಾರು ಬದಲಿಯಲ್ಲ. ಮಾತ್ರೆ ತಪ್ಪಿಸದೆ ನುಂಗಿ.

ಮಿಕ್ಕ ಸಾರು

ಚಳಿಗಾಲ ತಾನೇ ಎಂದು ಸಾರನ್ನು ರಾತ್ರಿಯವರೆಗೂ ಹೊರಗೇ ಬಿಡಬೇಡಿ. ಎರಡು ಗಂಟೆಯೊಳಗೆ ಸಣ್ಣ ಪಾತ್ರೆಗೆ ಬಗ್ಗಿಸಿ ಫ್ರಿಜ್ಜಿನಲ್ಲಿಡಿ. ಮಾರನೆಯ ದಿನ ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಿ. ಫ್ರಿಜ್ಜು ಇಲ್ಲದವರು ಒಂದೇ ಹೊತ್ತಿಗೆ ಮುಗಿಯುವಷ್ಟು ಮಾಡುವುದು ಕ್ಷೇಮ. ಮಾರನೆಯ ಬೆಳಿಗ್ಗೆ ಕಾಳು, ಮಸಾಲೆ ಎಲ್ಲ ಹೀರಿಕೊಂಡ ಈ ಸಾರಿನ ಜೊತೆ ಬಿಸಿ ದೋಸೆ ತಿಂದು ನೋಡಿ, ಆಮೇಲೆ ಹೇಳಿ.

ಧನುರ್ಮಾಸದಲ್ಲಿ ಮಾಂಸ ಮಾಡದ ಮನೆಯವರು ಸಂಕ್ರಾಂತಿ ಕಳೆಯುವವರೆಗೆ ಕಾಯಿರಿ. ಅವರೆ ಇನ್ನೂ ಸಂತೆಯಲ್ಲಿ ಇದ್ದೇ ಇರುತ್ತದೆ. ಕೋಳಿ ತರುವವರ ಕೈಗೆ ಚೀಲ ಕೊಡುವಾಗಲೇ "ಹದಿನೆಂಟು ತುಂಡು ಮಾಡಿಸಿಕೊಂಡು ಬನ್ನಿ" ಎಂದು ಹೇಳಿ ಕಳಿಸಿ. ಏಕೆ ಎಂದು ಕೇಳಿದರೆ ಲೆಕ್ಕ ಒಪ್ಪಿಸಿ, ನಿಮ್ಮನ್ನೂ ಸೇರಿಸಿ!