ಶುಶ್ರೂಷಕರ ನಿಗಾ ಕಾರ್ಯಕ್ರಮಗಳಲ್ಲಿ ಮದ್ಯಪರೀಕ್ಷೆ: ಫಲಿತಾಂಶವನ್ನು ಅರ್ಥೈಸುವ ಬಗೆ

ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ವ್ಯಾಸಂಗ ಮಾಡಿದ ಅನೇಕ ಶುಶ್ರೂಷಕರು ಅಮೆರಿಕದ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಆ ದೇಶದಲ್ಲಿ ಶುಶ್ರೂಷಕರ ಪರವಾನಗಿಯು ಆಯಾ ರಾಜ್ಯದ ನರ್ಸಿಂಗ್ ಮಂಡಳಿಯ ಅಧೀನದಲ್ಲಿರುತ್ತದೆ. ಮದ್ಯ ಅಥವಾ ಮಾದಕವಸ್ತುವಿನ ವ್ಯಸನಕ್ಕೆ ಒಳಗಾದವರನ್ನು ವೃತ್ತಿಯಿಂದ ಹೊರಹಾಕುವ ಬದಲು, ಚಿಕಿತ್ಸೆ ಪಡೆದು ಕರ್ತವ್ಯಕ್ಕೆ ಮರಳಲು ಅವಕಾಶ ನೀಡುವ ನಿಗಾ ಕಾರ್ಯಕ್ರಮಗಳು ಬಹಳಷ್ಟು ರಾಜ್ಯಗಳಲ್ಲಿವೆ. ಫ್ಲಾರಿಡಾದಲ್ಲಿ ಇಂತಹ ಕಾರ್ಯಕ್ರಮವು 1983ರಲ್ಲಿಯೇ ಆರಂಭವಾಯಿತು.

ಕಾರ್ಯಕ್ರಮಕ್ಕೆ ಸೇರಿದವರು ಸಾಮಾನ್ಯವಾಗಿ 3ರಿಂದ 5 ವರ್ಷಗಳ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಆ ಅವಧಿಯಲ್ಲಿ ಮದ್ಯವನ್ನು ಸಂಪೂರ್ಣವಾಗಿ ವರ್ಜಿಸಬೇಕು; ಪರೀಕ್ಷೆಗೆ ತಮ್ಮ ಸರದಿ ಬಂದಿದೆಯೇ ಎಂಬುದನ್ನು ಪ್ರತಿದಿನ ವಿಚಾರಿಸಿಕೊಂಡು, ಬಂದಿದ್ದಲ್ಲಿ ಅದೇ ದಿನ ಮೂತ್ರದ ಮಾದರಿ ನೀಡಬೇಕು.

ಮದ್ಯಕ್ಕೆ ಪ್ರತ್ಯೇಕ ಪರೀಕ್ಷೆ ಏಕೆ?

ಮದ್ಯಸಾರವು ದೇಹದಿಂದ ಕೆಲವೇ ಗಂಟೆಗಳಲ್ಲಿ ಹೊರಹೋಗುತ್ತದೆ. ರಾತ್ರಿ ಮಿತವಾಗಿ ಸೇವಿಸಿದ ಮದ್ಯವು ಮರುದಿನ ಮಧ್ಯಾಹ್ನದ ಉಸಿರಿನ ಪರೀಕ್ಷೆಯಲ್ಲಿ ಕಂಡುಬರುವುದಿಲ್ಲ. ಆದರೆ ಅದರ ಅತ್ಯಲ್ಪ ಭಾಗವು ಯಕೃತ್ತಿನಲ್ಲಿ ಈಥೈಲ್ ಗ್ಲುಕುರೊನೈಡ್ ಎಂಬ ಸಂಯುಕ್ತವಾಗಿ ಮಾರ್ಪಟ್ಟು ಮೂತ್ರದ ಮೂಲಕ ವಿಸರ್ಜನೆಯಾಗುತ್ತದೆ. ಇಟಿಜಿ ಎಂದು ಕರೆಯಲಾಗುವ ಈ ಸಂಯುಕ್ತವು, ಅತಿಯಾಗಿ ಮದ್ಯ ಸೇವಿಸಿದ್ದಲ್ಲಿ, ಸುಮಾರು 80 ಗಂಟೆಗಳವರೆಗೂ ಪತ್ತೆಯಾಗಬಲ್ಲದು. ಆದುದರಿಂದಲೇ ನಿಗಾ ಕಾರ್ಯಕ್ರಮಗಳಲ್ಲಿ ಈ ಪರೀಕ್ಷೆ ವ್ಯಾಪಕವಾಗಿ ಬಳಕೆಗೆ ಬಂದಿತು.

ಫಲಿತಾಂಶದ ಮಿತಿ

ಮದ್ಯಸಾರವು ದೇಹವನ್ನು ಸೇರಿದೆ ಎಂಬುದನ್ನು ಇಟಿಜಿ ತಿಳಿಸುತ್ತದೆ; ಯಾವ ಮಾರ್ಗದಿಂದ ಸೇರಿತು ಎಂಬುದನ್ನು ತಿಳಿಸುವುದಿಲ್ಲ. ಶುಶ್ರೂಷಕರು ಒಂದೇ ಪಾಳಿಯಲ್ಲಿ ಹಲವಾರು ಬಾರಿ ಮದ್ಯಸಾರಯುಕ್ತ ಸ್ಯಾನಿಟೈಸರ್ ಬಳಸುತ್ತಾರೆ. ಅದರ ಆವಿಯನ್ನು ಉಸಿರಾಡುವುದರಿಂದಲೂ ಮೂತ್ರದಲ್ಲಿ ಅಲ್ಪ ಪ್ರಮಾಣದ ಇಟಿಜಿ ಕಾಣಿಸಿಕೊಳ್ಳಬಹುದು. ಅಮೆರಿಕದ ಕೇಂದ್ರ ಸರ್ಕಾರದ ಸ್ಯಾಮ್ಸಾ ಸಂಸ್ಥೆಯು, ಕೇವಲ ಇಟಿಜಿ ಫಲಿತಾಂಶವನ್ನು ಆಧರಿಸಿ ಶಿಸ್ತುಕ್ರಮ ಕೈಗೊಳ್ಳುವುದು ಸೂಕ್ತವಲ್ಲವೆಂದು 2006ರಲ್ಲಿ ಎಚ್ಚರಿಸಿತು. ಅದೇ ಸಂಸ್ಥೆಯ 2012ರ ಸಲಹಾ ಪತ್ರದ ಪ್ರಕಾರ, ಪ್ರತಿ ಮಿಲಿಲೀಟರ್ ಮೂತ್ರದಲ್ಲಿ 1,000 ನ್ಯಾನೊಗ್ರಾಂ ಮೀರಿದ ಫಲಿತಾಂಶವು ಇತ್ತೀಚಿನ ಮದ್ಯಸೇವನೆಯನ್ನು ಸೂಚಿಸುತ್ತದೆ. 100ರಿಂದ 500ರ ನಡುವಿನ ಫಲಿತಾಂಶಕ್ಕೆ ಹಿಂದಿನ ದಿನಗಳ ಮದ್ಯಸೇವನೆಯೂ ಕಾರಣವಾಗಿರಬಹುದು, ನಿತ್ಯಬಳಕೆಯ ವಸ್ತುಗಳ ಸಂಪರ್ಕವೂ ಕಾರಣವಾಗಿರಬಹುದು.

ದೃಢೀಕರಣದ ಕ್ರಮಗಳು

ಮೂತ್ರದಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಇಟಿಜಿಯನ್ನು ವಿಘಟಿಸಬಲ್ಲವು. ಮಧುಮೇಹಿಗಳ ಮಾದರಿಯಲ್ಲಿ ಸಕ್ಕರೆಯು ಹುದುಗಿ, ಸಂಗ್ರಹಣೆಯ ನಂತರವೂ ಇಟಿಜಿ ಉಂಟಾಗುವ ಸಾಧ್ಯತೆಯಿದೆ. ಈ ಕಾರಣದಿಂದ ಈಥೈಲ್ ಸಲ್ಫೇಟ್ ಎಂಬ ಮತ್ತೊಂದು ಸಂಯುಕ್ತವನ್ನೂ ಜೊತೆಯಲ್ಲಿ ಅಳೆಯಲಾಗುತ್ತದೆ. ಇವಲ್ಲದೆ ಫಾಸ್ಫಟಿಡೈಲ್ ಎಥನಾಲ್ ಎಂಬ ರಕ್ತಪರೀಕ್ಷೆಯೂ ಇದೆ. ಇದು ಕೆಂಪು ರಕ್ತಕಣಗಳ ಪೊರೆಯಲ್ಲಿ ಉಂಟಾಗುವ ಸಂಯುಕ್ತವನ್ನು ಅಳೆದು, ಹಿಂದಿನ 2ರಿಂದ 4 ವಾರಗಳ ಸೇವನೆಯ ಸೂಚನೆ ನೀಡುತ್ತದೆ.

ಗಮನಿಸಬೇಕಾದ ಅಂಶಗಳು

1. ಕೆಮ್ಮಿನ ಸಿರಪ್, ಬಾಯಿ ಮುಕ್ಕಳಿಸುವ ದ್ರಾವಣ ಹಾಗೂ ವೆನಿಲ್ಲಾ ಸಾರದಲ್ಲಿ ಮದ್ಯಸಾರ ಇರಬಹುದು. ಲೇಬಲ್ಲನ್ನು ಓದಿಯೇ ಬಳಸತಕ್ಕದ್ದು.

2. ದಶಮೂಲಾರಿಷ್ಟ, ದ್ರಾಕ್ಷಾಸವ ಮೊದಲಾದ ಅರಿಷ್ಟ ಹಾಗೂ ಆಸವಗಳಲ್ಲಿ ಹುದುಗುವಿಕೆಯಿಂದ ಮದ್ಯಸಾರವು ತಾನಾಗಿಯೇ ಉಂಟಾಗುತ್ತದೆ. ಹೋಮಿಯೋಪಥಿಯ ಟಿಂಕ್ಚರ್‌ಗಳಲ್ಲಿಯೂ ಮದ್ಯಸಾರವಿರುತ್ತದೆ. ಊರಿನಿಂದ ಔಷಧಿ ಕೊಂಡೊಯ್ಯುವವರು ಇದನ್ನು ವಿಶೇಷವಾಗಿ ಗಮನದಲ್ಲಿಡಬೇಕು.

3. ಪರೀಕ್ಷೆಗೆ ಮುನ್ನ ಅತಿಯಾಗಿ ನೀರು ಕುಡಿಯಬಾರದು. ಕ್ರಿಯಾಟಿನಿನ್ ಪ್ರಮಾಣವು ಪ್ರತಿ ಡೆಸಿಲೀಟರ್‌ಗೆ 20 ಮಿಲಿಗ್ರಾಂಗಿಂತ ಕಡಿಮೆಯಿದ್ದಲ್ಲಿ ಮಾದರಿಯನ್ನು ತೆಳುವಾದುದೆಂದು ಪರಿಗಣಿಸುವ ಸಂಭವವಿದ್ದು, ಅದರಿಂದ ಅನಗತ್ಯ ಸಂಶಯ ಮೂಡುತ್ತದೆ.

4. ಪರೀಕ್ಷೆಯ ಭಯದಿಂದ ಕೈಶುಚಿತ್ವವನ್ನು ಕಡೆಗಣಿಸಬಾರದು. ಸಾಧ್ಯವಿರುವೆಡೆ ಸಾಬೂನು ಮತ್ತು ನೀರನ್ನು ಬಳಸಬಹುದು. ಸ್ಯಾನಿಟೈಸರ್ ಅನಿವಾರ್ಯವಾದಲ್ಲಿ ಕೈಗಳನ್ನು ಮುಖದಿಂದ ದೂರವಿರಿಸಿ ಒಣಗಿಸಿಕೊಳ್ಳಬೇಕು.

5. ಅನಿರೀಕ್ಷಿತ ಫಲಿತಾಂಶ ಬಂದಲ್ಲಿ ವಿಳಂಬಿಸದೆ ಲಿಖಿತ ವಿವರಣೆ ನೀಡಿ, ದೃಢೀಕರಣ ಪರೀಕ್ಷೆಯನ್ನು ಕೋರಬೇಕು. ರಕ್ತಪರೀಕ್ಷೆಗೂ ಮನವಿ ಸಲ್ಲಿಸಬಹುದು.

ರೋಗಿಯ ಸುರಕ್ಷತೆಗೆ ಪರೀಕ್ಷೆ ಅಗತ್ಯ. ಅಂತೆಯೇ, ವ್ಯಸನದಿಂದ ಹೊರಬಂದು ಪ್ರಾಮಾಣಿಕವಾಗಿ ದುಡಿಯುತ್ತಿರುವವರ ಪರವಾನಗಿ ಮತ್ತು ಜೀವನೋಪಾಯವನ್ನು ದೃಢೀಕರಿಸದ ಒಂದು ಅಂಕಿಯ ಮೇಲೆ ನಿರ್ಧರಿಸುವುದು ನ್ಯಾಯಸಮ್ಮತವಲ್ಲ. ವಿದೇಶ ಸೇವೆಗೆ ತೆರಳುವ ಶುಶ್ರೂಷಕರಿಗೆ ಹಾಗೂ ನರ್ಸಿಂಗ್ ವಿದ್ಯಾರ್ಥಿಗಳಿಗೆ ಈ ಮಾಹಿತಿಯನ್ನು ತಲುಪಿಸಲು ಸಂಬಂಧಪಟ್ಟವರು ಕ್ರಮವಹಿಸುವುದು.