ಕಸದೊಳಗಿನ ಕಾಸು

ಕಸವೆಂದು ನಾವು ಕರೆಯುವುದೆಲ್ಲ ನಿಜವಾಗಿ ಕಸವೇ? ನಮ್ಮ ಸೀಮೆಯ ಹತ್ತಿಯನ್ನು ನೋಡಿದರೆ ನನಗೆ ಹಾಗೆನ್ನಿಸುವುದಿಲ್ಲ. ಹಾವೇರಿ, ರಾಣೆಬೆನ್ನೂರು ಕಡೆಯ ಹತ್ತಿ ಜಿನ್ನಿಗೆ ಹೋದರೆ 100 ಕಿಲೋದಲ್ಲಿ ಅರಳೆ ದೊರೆಯುವುದು ಸುಮಾರು 35 ಕಿಲೋ. ಉಳಿದುದು ಬಹುಮಟ್ಟಿಗೆ ಹತ್ತಿಕಾಳು. ಅದನ್ನು ಹಿಂಡಿದರೆ ಎಣ್ಣೆ. ಉಳಿದ ಹಿಂಡಿ ಹೈನಿನ ದನಕ್ಕೆ. ಸಗಣಿ ತಿಪ್ಪೆಗೆ, ತಿಪ್ಪೆಯಿಂದ ಮರಳಿ ಹೊಲಕ್ಕೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ ಅನೇಕ ಹೆಣ್ಣುಮಕ್ಕಳ ಮನೆವಾರ್ತೆಗೆ ಆಧಾರ. ಉದುರಿದ ಬೀಜಕ್ಕೂ ಗಿರಾಕಿಯುಂಟು.

ಹೀಗೆ ಒಂದೊಂದು ಹಂತವೂ ಒಬ್ಬೊಬ್ಬರಿಗೆ ದುಡಿಮೆ. ಆದರೆ ಕಾಳು ಪರಸ್ಥಳಕ್ಕೆ ಹೋಗಿ ಹಿಂಡಿಯಾಗಿ ಬಂದರೆ, ರೈತ ತನ್ನ ಮಾಲನ್ನೇ ಸಾಗಾಣಿಕೆಯ ಖರ್ಚು ತೆತ್ತು ಮರಳಿ ಕೊಂಡಂತಾಯಿತು. ಹತ್ತಿಕಟ್ಟಿಗೆಗೆ ಹೊಲದಲ್ಲೇ ಬೆಂಕಿಯಿಟ್ಟರಂತೂ ಗೊಬ್ಬರವನ್ನೇ ಸುಟ್ಟಂತೆ. ಆದುದರಿಂದ ಉಳಿಕೆಯನ್ನು ಊರಲ್ಲೇ ಬಳಸುವುದು ಜಿಪುಣತನವಲ್ಲ. ಅದೇ ನಮ್ಮ ಬಂಡವಾಳ.