ಗಾಳಿಯ ಆಟದಂಗಣ: ಗೂಟದ ವೆಚ್ಚವೂ ದರದಲ್ಲಿ ಸೇರಲಿ

ಶಾಲಾ ವಾರ್ಷಿಕೋತ್ಸವ, ವಸತಿ ಸಮುಚ್ಚಯಗಳ ಹಬ್ಬ, ಮಾಲ್‌ಗಳ ಬೇಸಿಗೆ ಮೇಳ ಮುಂತಾದ ಕಡೆಗಳಲ್ಲಿ ಗಾಳಿ ತುಂಬಿದ ಆಟದ ಸಾಮಗ್ರಿಗಳಿಗೆ ಬೇಡಿಕೆಯಿದೆ. ಮಕ್ಕಳು ಕುಪ್ಪಳಿಸುವ ‘ಬೌನ್ಸಿ’ಯ ಬೆಳೆದ ರೂಪವೇ ಅಡೆತಡೆ ಓಟದ ಅಂಗಣ. ಸುರಂಗದಲ್ಲಿ ತೆವಳಿ, ಕಂಬಗಳ ನಡುವೆ ನುಸುಳಿ, ಗೋಡೆಯೇರಿ, ಜಾರುಬಂಡೆಯಿಂದ ಇಳಿಯುವುದು ಇದರ ಕ್ರಮ. ಶಾಮಿಯಾನ ಬಾಡಿಗೆಯವರಿಗೂ ಟಾರ್ಪಾಲಿನ್ ಹೊಲಿಯುವ ಸಣ್ಣ ಘಟಕಗಳಿಗೂ ಇದು ಸಹಜವಾಗಿ ಹೊಂದುವ ಉಪವೃತ್ತಿಯಾಗಿದೆ. ಆದರೆ ಬಟ್ಟೆ, ಹೊಲಿಗೆ ಮತ್ತು ಬ್ಲೋವರ್‌ಗಳ ಬೆಲೆಯನ್ನಷ್ಟೇ ಲೆಕ್ಕಕ್ಕೆ ಹಿಡಿದವರು ಈ ವ್ಯವಹಾರದ ಮುಖ್ಯ ವೆಚ್ಚವೊಂದನ್ನು ಮರೆತಿರುತ್ತಾರೆ.

ತಯಾರಿಕೆ

ಪಿವಿಸಿ ಲೇಪಿತ ಪಾಲಿಯೆಸ್ಟರ್ ಬಟ್ಟೆಯೇ ಇದರ ಕಚ್ಚಾವಸ್ತು. ಕೂಡುಗಳಿಗೆ ಎರಡು ಸಾಲು, ಎಳೆತ ಹೆಚ್ಚಿರುವಲ್ಲಿ ನಾಲ್ಕು ಸಾಲು ಹೊಲಿಗೆ ಹಾಕಲಾಗುತ್ತದೆ. ಒಳಗೆ ಹೊಲಿದ ತಡೆಪಟ್ಟಿಗಳು ನೆಲವನ್ನು ಸಮತಟ್ಟಾಗಿಯೂ ಗೋಡೆಯನ್ನು ನೆಟ್ಟಗೂ ಹಿಡಿದಿಡುತ್ತವೆ. ಅವಿಲ್ಲದಿದ್ದರೆ ಅಂಗಣವು ಚೆಂಡಿನಂತೆ ಉಬ್ಬುತ್ತದೆ. ಹೊಲಿಗೆಯ ರಂಧ್ರಗಳಿಂದ ಗಾಳಿ ಸದಾ ಸೋರುವುದರಿಂದ ಬ್ಲೋವರ್ ನಿಲ್ಲದೆ ಓಡಬೇಕು. ಒಂದೂವರೆ ಅಶ್ವಶಕ್ತಿಯ ಎರಡು ಬ್ಲೋವರ್‌ಗಳು ಎಂಟು ಗಂಟೆ ಓಡಿದರೆ ಸುಮಾರು 18 ಯೂನಿಟ್ ವಿದ್ಯುತ್ ಬೇಕು. ಮೋಟಾರಿನ ನಷ್ಟ ಸೇರಿದರೆ ಇನ್ನೂ ಹೆಚ್ಚು. ವಿದ್ಯುತ್ ಕಡಿತವಾದರೆ ಅಂಗಣ ಕುಸಿಯುವುದರಿಂದ ಜನರೇಟರ್ ಕೂಡ ಅನಿವಾರ್ಯ. ಉದ್ದದ ಅಂಗಣವನ್ನು ಎರಡು-ಮೂರು ಭಾಗಗಳಲ್ಲಿ ಹೊಲಿದು ಸ್ಥಳದಲ್ಲಿ ಜೋಡಿಸುವುದು ಸಾಗಣೆಗೂ ದುರಸ್ತಿಗೂ ಅನುಕೂಲಕರ.

ಸ್ಥಾಪನೆ

ಉಬ್ಬಿದ ಅಂಗಣವು ಗಾತ್ರದ ಮುಂದೆ ಹಗುರ. ಬೀಸುಗಾಳಿಗೆ ಅದೊಂದು ಹಾಯಿಯೇ ಸರಿ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. 2016ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಹಾರ್ಲೋದಲ್ಲಿ ಇಂತಹ ಬೌನ್ಸಿಯೊಂದು ಹಾರಿಹೋಗಿ ಏಳು ವರ್ಷದ ಬಾಲಕಿ ಮೃತಪಟ್ಟಳು. 2018ರಲ್ಲಿ ಅದರ ಹೊಣೆ ಹೊತ್ತಿದ್ದ ಇಬ್ಬರಿಗೆ ಮೂರು ವರ್ಷಗಳ ಸೆರೆವಾಸವಾಯಿತು. 2021ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಡೆವನ್‌ಪೋರ್ಟ್‌ನ ಶಾಲೆಯೊಂದರಲ್ಲಿ ಸುಳಿಗಾಳಿಗೆ ಬೌನ್ಸಿ ಮೇಲೆದ್ದು ಆರು ಮಕ್ಕಳು ಅಸುನೀಗಿದರು. ಅಲ್ಲಿನ ನಿರ್ವಾಹಕರು ಮೊಕದ್ದಮೆ ಎದುರಿಸಿ 2025ರಲ್ಲಿ ಖುಲಾಸೆಗೊಂಡರು.

ಐರೋಪ್ಯ ಮಾನದಂಡ ಇಎನ್ 14960ರ ಪ್ರಕಾರ ಗಂಟೆಗೆ 38 ಕಿ.ಮೀ. ಮೀರಿದ ಗಾಳಿಯಲ್ಲಿ ಇವನ್ನು ಬಳಸಕೂಡದು. ಕನಿಷ್ಠ ಆರು ಕಡೆ ಬಿಗಿಯಬೇಕು; ದೊಡ್ಡ ಅಂಗಣಕ್ಕೆ ಇನ್ನೂ ಹೆಚ್ಚು. ಬ್ರಿಟನ್ನಿನ ಸುರಕ್ಷತಾ ಪ್ರಾಧಿಕಾರವು ಮಣ್ಣಿನ ನೆಲಕ್ಕೆ 380 ಮಿ.ಮೀ. ಉದ್ದ, 16 ಮಿ.ಮೀ. ದಪ್ಪದ ಲೋಹದ ಗೂಟವನ್ನೂ, ಗೂಟ ಹೊಡೆಯಲಾಗದ ನೆಲದಲ್ಲಿ ಪ್ರತಿ ಬಿಗಿತಾಣಕ್ಕೆ ಕನಿಷ್ಠ 163 ಕೆ.ಜಿ. ಭಾರವನ್ನೂ ಸೂಚಿಸಿದೆ. ಇವು ನಮ್ಮಲ್ಲಿ ಬದ್ಧಕಾರಿಯಲ್ಲದಿದ್ದರೂ ಅಳತೆಗೋಲಾಗಿ ಸ್ವೀಕರಿಸುವುದು ವಿವೇಕಯುತ.

ಲೆಕ್ಕಾಚಾರ

ಆರು ತಾಣಗಳಿಗೆ ತಲಾ 163 ಕೆ.ಜಿ. ಎಂದರೆ 978 ಕೆ.ಜಿ., ಅಂದರೆ ಹೆಚ್ಚುಕಡಿಮೆ ಒಂದು ಟನ್. ಕಾಂಕ್ರೀಟ್ ಅಂಗಳಕ್ಕೆ ಇಷ್ಟು ಭಾರವನ್ನು ಒಯ್ಯಲು ಪ್ರತ್ಯೇಕ ವಾಹನ ಮತ್ತು ಹಮಾಲಿ ವೆಚ್ಚ ತಗಲುತ್ತದೆ. ಮಣ್ಣಿನ ಮೈದಾನಕ್ಕೂ ಕಾಂಕ್ರೀಟ್ ಅಂಗಳಕ್ಕೂ ಒಂದೇ ದರ ನಮೂದಿಸಿದರೆ, ಉದ್ಯಮಿಗೆ ನಷ್ಟವಾಗುತ್ತದೆ ಇಲ್ಲವೇ ನಾಲ್ಕು ಮರಳು ಚೀಲಗಳಲ್ಲಿ ಕೆಲಸ ಮುಗಿಸುವ ಪ್ರಲೋಭನೆ ಉಂಟಾಗುತ್ತದೆ. ಆದ್ದರಿಂದ ದರಪಟ್ಟಿಯಲ್ಲಿ ನೆಲಕ್ಕನುಗುಣವಾಗಿ ಎರಡು ದರಗಳಿರುವುದು ಲೇಸು.

ಕರ್ನಾಟಕದಲ್ಲಿ ಇನ್ನೊಂದು ವಿಶೇಷವಿದೆ. ಶಾಲೆಗಳಿಗೆ ರಜೆಯಿರುವ ಏಪ್ರಿಲ್-ಮೇ ತಿಂಗಳುಗಳು ಬಾಡಿಗೆಗೆ ಸುಗ್ಗಿಯ ಕಾಲ. ಮುಂಗಾರುಪೂರ್ವ ಗುಡುಗು-ಗಾಳಿಗಳು ಸಂಜೆಯ ಹೊತ್ತಿಗೆ ಹಠಾತ್ತನೆ ಎರಗುವುದೂ ಆಗಲೇ. ಗಾಳಿ ಮಿತಿ ಮೀರಿದಾಗ ಆಟ ನಿಲ್ಲಿಸಿ ಗಾಳಿ ಇಳಿಸುವ ಹಕ್ಕು ನಿರ್ವಾಹಕರದೆಂದೂ, ಅದಕ್ಕಾಗಿ ಬಾಡಿಗೆ ಕಡಿತವಿಲ್ಲವೆಂದೂ ಕರಾರಿನಲ್ಲಿಯೇ ಬರೆದಿರಬೇಕು. ಇಲ್ಲವಾದರೆ ಮಳೆಮೋಡ ಕವಿದಾಗಲೂ ಆಯೋಜಕರ ಒತ್ತಾಯಕ್ಕೆ ಮಣಿಯಬೇಕಾಗುತ್ತದೆ. ಸಾರ್ವಜನಿಕ ಹೊಣೆಗಾರಿಕೆಯ ವಿಮೆಯೂ ಅಗತ್ಯ. ಪರಿಹಾರ ಕೋರುವಾಗ ಗೂಟ, ಹೊಲಿಗೆ ಮತ್ತು ಗಾಳಿಯ ವೇಗವನ್ನು ದಿನಾಂಕಸಹಿತ ದಾಖಲಿಸಿದ ಪುಸ್ತಕ ಆಧಾರವಾಗುತ್ತದೆ.

ನೆಲಕ್ಕೆ ತಕ್ಕ ಎರಡು ದರ, ಒಂದು ಗಾಳಿಮಾಪಕ, ಒಂದು ತಪಾಸಣಾ ಪುಸ್ತಕ, ಇವನ್ನು ಸಿದ್ಧಪಡಿಸಿಕೊಂಡ ಬಳಿಕವೇ ಮೊದಲ ಮುಂಗಡವನ್ನು ಪಡೆಯುವುದು ಉಚಿತ.